ಚಿತ್ರ ಬರೆಯುವವರೇ, ‘ಎನ್‌ಎಫ್‌ಟಿ ಮಾಡಿ ಕೊಡಿ, ಕೊಳ್ಳುತ್ತೇನೆ’ ಅಂತ ಮೆಸೇಜ್ ಬಂದರೆ ಉತ್ತರ ಕೊಡುವ ಮೊದಲು ಇದನ್ನು ಓದಿ

“ಹಲೋ, ನಿಮ್ಮ ಕಲೆ ತುಂಬಾ ಇಷ್ಟವಾಯಿತು. ನಾನು ಡಿಜಿಟಲ್ ಕಲೆ ಸಂಗ್ರಹಿಸುತ್ತೇನೆ. ನಿಮ್ಮ ಐದು ಚಿತ್ರಗಳು ಎನ್‌ಎಫ್‌ಟಿ ರೂಪದಲ್ಲಿ ಬೇಕು. ಒಂದೊಂದಕ್ಕೆ 2 ಈಥರ್ ಕೊಡುತ್ತೇನೆ.”

ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕುವವರಲ್ಲಿ ಎಷ್ಟೋ ಜನರಿಗೆ ಹೆಚ್ಚುಕಡಿಮೆ ಇದೇ ಮಾತಿನ ಮೆಸೇಜ್ ಬಂದಿರುತ್ತದೆ. ಎನ್‌ಎಫ್‌ಟಿ ಅಂದರೆ ಡಿಜಿಟಲ್ ವಸ್ತುವಿನ ಒಡೆತನದ ದಾಖಲೆ, ಈಥರ್ ಅಂದರೆ ಒಂದು ಬಗೆಯ ಕ್ರಿಪ್ಟೋ, ಅಂದರೆ ಡಿಜಿಟಲ್ ಹಣ. ನನ್ನ ಚಿಕ್ಕಮ್ಮನ ಮಗಳಿಗೂ ಬಂತು. ಅವಳು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುತ್ತಾಳೆ. ಆ ಮೆಸೇಜ್‌ನಿಂದ ಶುರುವಾದದ್ದು ಮುಗಿಯುವ ಹೊತ್ತಿಗೆ ಅವಳ ಕೈಯಿಂದ 1,05,000 ರೂಪಾಯಿ ಹೋಗಿತ್ತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಉಳಿದದ್ದೆಲ್ಲ ಬರಿ, ಇನ್ನೊಬ್ಬರಿಗೆ ಹೀಗಾಗಬಾರದು ಅಂದಳು.

ಇಂಥ ಮೆಸೇಜನ್ನು ಯಾರು ನಂಬುತ್ತಾರೆ ಅಂತ ನಿಮಗೆ ಅನ್ನಿಸಬಹುದು. ನಂಬಲು ಕಾರಣ ಇದೆ. 2021ರ ಮಾರ್ಚ್‌ನಲ್ಲಿ ಬೀಪಲ್ ಅನ್ನುವ ಹೆಸರಿನಲ್ಲಿ ಚಿತ್ರ ಮಾಡುವ ಅಮೆರಿಕದ ಮೈಕ್ ವಿಂಕಲ್‌ಮನ್ ಅವರ ಒಂದು ಡಿಜಿಟಲ್ ಚಿತ್ರ ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿ. ಕೊಂಡವರು ತಮಿಳುನಾಡು ಮೂಲದ ವಿಘ್ನೇಶ್ ಸುಂದರೇಸನ್. ಅದಕ್ಕೂ ಮೊದಲು ಫೆಬ್ರವರಿಯಲ್ಲಿ, ಬೆನ್ನ ಹಿಂದೆ ಕಾಮನಬಿಲ್ಲು ಬಿಡುತ್ತಾ ಹಾರುವ ನ್ಯಾನ್ ಕ್ಯಾಟ್ ಬೆಕ್ಕಿನ ಚಿತ್ರ 300 ಈಥರ್‌ಗೆ ಮಾರಾಟವಾಗಿತ್ತು. ಉರಿಯುವ ಮನೆಯ ಮುಂದೆ ನಿಂತು ನಗುವ ಪುಟ್ಟ ಹುಡುಗಿಯ ಮೀಮ್ ನೆನಪಿದೆಯಾ? ಆ ಹುಡುಗಿ ದೊಡ್ಡವಳಾದ ಮೇಲೆ ಆ ಫೋಟೋವನ್ನು 180 ಈಥರ್‌ಗೆ ಮಾರಿದಳು. ಆ ವರ್ಷ ಕಾಲಿನ್ಸ್ ನಿಘಂಟು ‘ಎನ್‌ಎಫ್‌ಟಿ’ಯನ್ನೇ ವರ್ಷದ ಪದ ಅಂತ ಆರಿಸಿತು. ಅಮಿತಾಭ್ ಬಚ್ಚನ್ ಕೂಡ ತಮ್ಮ ದನಿ, ಪೋಸ್ಟರ್‌ಗಳನ್ನು ಎನ್‌ಎಫ್‌ಟಿಯಾಗಿ ಹರಾಜಿಗಿಟ್ಟರು. ಇವೆಲ್ಲ ನಿಜವಾಗಿ ನಡೆದದ್ದು. ಮೋಸಗಾರರು ಕಟ್ಟುವ ಸುಳ್ಳಿಗೆ ಈ ನಿಜವೇ ಅಡಿಪಾಯ.

ಇನ್ನೊಂದು ಕಡೆ ನಮ್ಮ ಕಲಾವಿದರ ಪಾಡು ನೋಡಿ. ಹಲಗೆಗೆ ಕಾಗದ ಅಂಟಿಸಿ, ಗೆರೆ ಎಳೆದು, ಉಬ್ಬು ಮೂಡಿಸುವ ಜೆಸ್ಸೋ ಲೇಪ ಹಾಕಿ, ಚಿನ್ನದ ರೇಕು ಕೂರಿಸಿ, ಬಣ್ಣ ತುಂಬಿ, ಕೊನೆಗೆ ಮುಖ ತಿದ್ದಿ ಒಂದು ಸರಸ್ವತಿಯನ್ನೋ ರಾಜರಾಜೇಶ್ವರಿಯನ್ನೋ ಮುಗಿಸಲು ವಾರಗಟ್ಟಲೆ ಬೇಕು. ದೊಡ್ಡದಾದರೆ ತಿಂಗಳುಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆ ಸಾಕಿದ ಕಲೆ ಇದು. ಈಗ ಸಾಕುವವರು ಯಾರು? ದಸರಾ ಹೊತ್ತಿಗೆ ಒಂದಷ್ಟು ವ್ಯಾಪಾರ, ಮದುವೆ ಗೃಹಪ್ರವೇಶಕ್ಕೆ ಉಡುಗೊರೆ ಅಂತ ಒಂದಷ್ಟು. ಅಲ್ಲೂ ಚೌಕಾಸಿ. ಅಂಥವಳಿಗೆ ಯಾರೋ ಐದು ಚಿತ್ರಕ್ಕೆ 10 ಈಥರ್, ಅಂದರೆ ಆಗಿನ ಲೆಕ್ಕದಲ್ಲಿ 20 ಲಕ್ಷಕ್ಕೂ ಜಾಸ್ತಿ ಕೊಡುತ್ತೇನೆ ಅಂದರೆ ಮನಸ್ಸು ಅಲ್ಲಾಡುವುದಿಲ್ಲವಾ? ಅದನ್ನು ದುರಾಸೆ ಅಂತ ಕರೆಯಲು ನಾನು ಒಪ್ಪುವುದಿಲ್ಲ. ತನ್ನ ಕೆಲಸಕ್ಕೆ ಸಿಗಬೇಕಾದ ಬೆಲೆ ಕೊನೆಗೂ ಸಿಕ್ಕಿತು ಅಂತ ಅವಳಿಗೆ ಅನ್ನಿಸಿತು, ಅಷ್ಟೇ.

ಮುಂದೆ ನಡೆದದ್ದು ಹೀಗೆ. ‘ಕೊಳ್ಳುವವನು’ ಒಂದು ಲಿಂಕ್ ಕಳಿಸಿ, ಈ ಮಾರ್ಕೆಟ್‌ಪ್ಲೇಸ್‌ನಲ್ಲೇ ಖಾತೆ ತೆರೆಯಬೇಕು, ನಾನು ಇಲ್ಲಿ ಮಾತ್ರ ಕೊಳ್ಳುತ್ತೇನೆ ಅಂದ. ಸೈಟ್ ನೋಡಲು ಚೆನ್ನಾಗಿಯೇ ಇತ್ತು. ಸಾವಿರಾರು ಚಿತ್ರಗಳು, ಬೆಲೆಗಳು, ಓಡುತ್ತಿರುವ ಹರಾಜಿನ ಗಡಿಯಾರಗಳು, ಜೊತೆಗೆ ಚಾಟ್‌ನಲ್ಲಿ ಉತ್ತರ ಕೊಡುವ ಸಹಾಯಕರು. ಚಿತ್ರವನ್ನು ಎನ್‌ಎಫ್‌ಟಿ ಮಾಡುವುದಕ್ಕೆ, ಅಂದರೆ ಮಿಂಟ್ ಮಾಡುವುದಕ್ಕೆ, ಒಂದಕ್ಕೆ 9,000 ರೂಪಾಯಿ ‘ಗ್ಯಾಸ್ ಫೀ’ ಕೇಳಿದರು. ಈಥರ್ ಕೊಳ್ಳುವುದು ನಿಮಗೆ ಕಷ್ಟ, ನಮ್ಮ ಏಜೆಂಟ್‌ಗೆ ಯುಪಿಐ ಮಾಡಿ ಸಾಕು ಅಂದರು. ಐದು ಚಿತ್ರಕ್ಕೆ 45,000 ಹೋಯಿತು. ಪ್ರತಿ ಸಲ ದುಡ್ಡು ಹೋದದ್ದು ಬೇರೆ ಬೇರೆ ಹೆಸರಿನ ಖಾತೆಗೆ.

ಸಂಜೆಯೊಳಗೆ ಐದೂ ‘ಮಾರಾಟ’ವಾದವು. ಅವಳ ಖಾತೆಯಲ್ಲಿ 10 ಈಥರ್ ಅಂತ ಕಾಣಿಸಿತು. ಪರೀಕ್ಷೆಗೆ ಸ್ವಲ್ಪ ತೆಗೆದು ನೋಡಿ ಅಂದರು. 4,000 ರೂಪಾಯಿ ಅವಳ ಬ್ಯಾಂಕಿಗೆ ನಿಜವಾಗಿಯೂ ಬಂತು. ಈ 4,000ದ ಮಾತಿಗೆ ಆಮೇಲೆ ಬರುತ್ತೇನೆ. ಆ ದುಡ್ಡು ಬಂದ ಮೇಲೆ ಮನೆಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಪೂರ್ತಿ ಹಣ ತೆಗೆಯಲು ಹೋದಾಗ ‘ಕಮಿಷನ್ ಬಾಕಿ’ ಅಂತ ಬಂತು. ಚಿನ್ನ ಅಡವಿಟ್ಟು 60,000 ಕಟ್ಟಿದಳು. ಅದಾದ ಮೇಲೆ ಬಂದದ್ದು ತೆರಿಗೆ. ಭಾರತದಲ್ಲಿ 30% ತೆರಿಗೆ ಇದೆ, ಮೊದಲು ಅದನ್ನು ಕಟ್ಟಿದರೆ ಮಾತ್ರ ಹಣ ಬಿಡುತ್ತೇವೆ ಅಂದರು. ಆರು ಲಕ್ಷ! ಅಷ್ಟು ದುಡ್ಡು ಎಲ್ಲೂ ಹುಟ್ಟಲಿಲ್ಲ. ಆಗ ನನಗೆ ಫೋನ್ ಮಾಡಿದಳು.

ಅವಳ ಜೊತೆ ಕೂತು ಒಂದೊಂದೇ ಬಿಚ್ಚಿ ನೋಡಿದಾಗ ತಿಳಿದದ್ದನ್ನು ಹೇಳುತ್ತೇನೆ.

ಎನ್‌ಎಫ್‌ಟಿ ಅಂದರೆ ಚಿತ್ರ ಅಲ್ಲ. ಇಂಥ ಡಿಜಿಟಲ್ ವಸ್ತು ಇಂಥವರ ಹೆಸರಲ್ಲಿದೆ ಅಂತ ಬ್ಲಾಕ್‌ಚೈನ್‌ನಲ್ಲಿ (ಎಷ್ಟೋ ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕ) ಬರೆದಿಟ್ಟ ದಾಖಲೆ. ಜಮೀನಿಗೆ ಪಹಣಿ ಇದ್ದ ಹಾಗೆ. ಈಥರ್ ಓಡಾಡುವ ಬ್ಲಾಕ್‌ಚೈನ್ ಆದ ಈಥೀರಿಯಂನಲ್ಲಿ ಈ ದಾಖಲೆ ಗುಟ್ಟಲ್ಲ, ಯಾರು ಬೇಕಾದರೂ ನೋಡಬಹುದು. ಸೊನ್ನೆ, ಎಕ್ಸ್ ಅಂತ ಶುರುವಾಗುವ ವಾಲೆಟ್ (ಈಥರ್ ಇಟ್ಟುಕೊಳ್ಳುವ ಡಿಜಿಟಲ್ ಪರ್ಸ್) ವಿಳಾಸವನ್ನು ಈಥರ್‌ಸ್ಕ್ಯಾನ್ ಸೈಟಿನಲ್ಲಿ ಹಾಕಿದರೆ ಆ ವಿಳಾಸಕ್ಕೆ ಬಂದದ್ದು, ಅಲ್ಲಿಂದ ಹೋದದ್ದು ಎಲ್ಲ ಕಾಣುತ್ತದೆ. ಅವಳ ಖಾತೆಯ ವಿಳಾಸ ಅಂತ ಸೈಟ್ ತೋರಿಸುತ್ತಿದ್ದುದನ್ನು ಹಾಕಿ ನೋಡಿದೆವು. ಮಿಂಟ್ ಆಗಿರಲಿಲ್ಲ, ಮಾರಾಟ ಆಗಿರಲಿಲ್ಲ, ಒಂದು ಪೈಸೆ ಈಥರ್ ಇರಲಿಲ್ಲ. ಆ 10 ಈಥರ್ ಒಂದು ವೆಬ್ ಪುಟದ ಮೇಲೆ ಟೈಪ್ ಮಾಡಿದ ಅಂಕಿ ಮಾತ್ರ.

ಗ್ಯಾಸ್ ಫೀ ಅನ್ನುವುದು ನಿಜವಾಗಿಯೂ ಇದೆ. ಆದರೆ ಅದು ಈಥೀರಿಯಂ ಜಾಲದಲ್ಲಿ ವ್ಯವಹಾರ ದಾಖಲಾಗಲು ಕೊಡುವ ಶುಲ್ಕ. ನಮ್ಮ ವಾಲೆಟ್‌ನಿಂದಲೇ, ಆ ಕ್ಷಣದ ದಟ್ಟಣೆ ನೋಡಿಕೊಂಡು ಕಡಿತವಾಗುತ್ತದೆ. ‘ಚಿತ್ರಕ್ಕೆ 9,000’ ಅಂತ ಯಾರದೋ ಯುಪಿಐಗೆ ಕಟ್ಟುವ ದುಡ್ಡು ಗ್ಯಾಸ್ ಅಲ್ಲ. ಮೇಲಾಗಿ ಓಪನ್‌ಸೀ ಅನ್ನುವ ದೊಡ್ಡ ಎನ್‌ಎಫ್‌ಟಿ ಮಾರುಕಟ್ಟೆ 2020ರ ಕೊನೆಯಲ್ಲೇ ಲೇಜಿ ಮಿಂಟಿಂಗ್ ಅನ್ನುವ ವ್ಯವಸ್ಥೆ ತಂದಿತ್ತು. ಅದರಲ್ಲಿ ಕಲಾವಿದರು ಮೊದಲು ಏನೂ ಕಟ್ಟಬೇಕಾಗಿರಲಿಲ್ಲ. ಚಿತ್ರ ಮಾರಾಟವಾದಾಗ ಕೊಳ್ಳುವವರೇ ಗ್ಯಾಸ್ ಕೊಡುತ್ತಿದ್ದರು.

ಕಮಿಷನ್ ಕೂಡ ನಿಜವಾದ ಮಾರುಕಟ್ಟೆಗಳಲ್ಲಿ ಇದೆ. ಅದನ್ನು ಬಂದ ಹಣದಲ್ಲೇ ಮುರಿದುಕೊಳ್ಳುತ್ತಾರೆ. 10 ಈಥರ್ ನಿಮ್ಮ ಹತ್ತಿರವೇ ಇದೆಯಲ್ಲ, ಅದರಲ್ಲೇ ಹಿಡಿದುಕೊಂಡು ಉಳಿದದ್ದು ಕೊಡಿ ಅಂತ ಕೇಳಿ ನೋಡಿ. ಏನೇನೋ ನೆಪ ಹೇಳುತ್ತಾರೆ, ಹಿಡಿದುಕೊಳ್ಳಲು ಮಾತ್ರ ಒಪ್ಪುವುದಿಲ್ಲ. ಅಲ್ಲಿ ದುಡ್ಡೇ ಇಲ್ಲವಲ್ಲ. ಈ ಒಂದು ಪ್ರಶ್ನೆಯನ್ನು ದಯವಿಟ್ಟು ನೆನಪಿಡಿ. ನಾವು ಎಷ್ಟೋ ಗಂಟೆ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಈ ಪ್ರಶ್ನೆಯಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನು ತೆರಿಗೆ. 2022ರ ಬಜೆಟ್‌ನಲ್ಲಿ ಕ್ರಿಪ್ಟೋ, ಎನ್‌ಎಫ್‌ಟಿಗಳ ಲಾಭಕ್ಕೆ 30% ತೆರಿಗೆ ಹಾಕಿದ್ದು ಹೌದು. ಆ ವರ್ಷದ ಜುಲೈ 1ರಿಂದ 1% ಟಿಡಿಎಸ್ ಕೂಡ ಬಂತು. ಟಿಡಿಎಸ್ ಅನ್ನು ಹಣ ಕೊಡುವವರು ಹಿಡಿದುಕೊಳ್ಳಬೇಕು. ಉಳಿದ ತೆರಿಗೆಯನ್ನು ನಾವೇ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೇವೆ, ರಿಟರ್ನ್‌ನಲ್ಲಿ ತೋರಿಸುತ್ತೇವೆ. ಭಾರತದ ತೆರಿಗೆಯನ್ನು ಯಾವುದೋ ದೇಶದ ವೆಬ್‌ಸೈಟ್ ಮುಂಗಡವಾಗಿ ವಸೂಲಿ ಮಾಡುವುದಿಲ್ಲ. ಹಾಗೆಯೇ ಇಲ್ಲಿ ಕ್ರಿಪ್ಟೋ ವ್ಯವಹಾರ ನಡೆಸುವ ಕಂಪನಿಗಳು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ. ಅವರು ನಿಮ್ಮ ಕೆವೈಸಿ ಕೇಳಲೇಬೇಕು. ‘ಏಜೆಂಟ್‌ಗೆ ಯುಪಿಐ ಮಾಡಿ’ ಅನ್ನುವವರು ಆ ಸಾಲಿನವರಲ್ಲ.

ನನ್ನನ್ನು ಹೆಚ್ಚು ಕಾಡಿದ ಗುರುತು ತಂತ್ರಜ್ಞಾನದ್ದಲ್ಲ. ಆ ಮನುಷ್ಯ ಚಿತ್ರದ ಬಗ್ಗೆ ಏನನ್ನೂ ಕೇಳಿರಲಿಲ್ಲ. ಇಡೀ ಚಾಟ್ ಓದಿದೆ. ಮೈಸೂರು ಚಿತ್ರ ಕೊಳ್ಳುವ ಯಾರೇ ಆಗಲಿ ಅಳತೆ ಕೇಳುತ್ತಾರೆ. ಚಿನ್ನ ಅಸಲಿಯಾ ಅಂತ ಕೇಳುತ್ತಾರೆ. ತಂಜಾವೂರು ಚಿತ್ರದಲ್ಲಿ ಉಬ್ಬು ಜಾಸ್ತಿ ಇರುತ್ತದಲ್ಲ, ನಿಮ್ಮದರಲ್ಲಿ ಯಾಕೆ ಕಡಿಮೆ ಅಂತ ಕೇಳುತ್ತಾರೆ. ಬರೀ ಡಿಜಿಟಲ್ ರೂಪ ಬೇಕಾದವರಾದರೂ ಫೈಲ್ ಎಷ್ಟು ದೊಡ್ಡದು, ಸ್ಕ್ಯಾನ್‌ನಲ್ಲಿ ಚಿನ್ನದ ಹೊಳಪು ಬರುತ್ತದಾ ಅಂತ ಕೇಳುತ್ತಾರೆ. ಇವನು ಕೇಳಲಿಲ್ಲ. ದೇವಿಯ ಹೆಸರನ್ನೂ ಕೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅವಳು ದುಡ್ಡು ಯಾವಾಗ ಕಳಿಸುತ್ತಾಳೆ ಅನ್ನುವುದು ಮಾತ್ರ. ವಾರಗಟ್ಟಲೆ ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸವನ್ನು ಹೊಗಳಿ, ಅದರ ಕಡೆ ಒಮ್ಮೆಯೂ ನೋಡದೆ ಅವಳನ್ನು ದೋಚಿದರಲ್ಲ, ಅದು ನನಗೆ ಈಗಲೂ ಸಂಕಟ.

ದುಡ್ಡು ಹೋದದ್ದಕ್ಕೆ ಮುಗಿಯಲಿಲ್ಲ. ಆ 4,000 ರೂಪಾಯಿ ಬಂತಲ್ಲ, ಅದು ಮೋಸ ಹೋದ ಇನ್ನೊಬ್ಬರ ದುಡ್ಡು. ಅವರು ಬೇರೆ ರಾಜ್ಯದಲ್ಲಿ ದೂರು ಕೊಟ್ಟಿದ್ದರು. ದುಡ್ಡು ಹೋದ ದಾರಿ ಹಿಡಿದು ಬಂದ ಪೊಲೀಸರ ಕೋರಿಕೆಯ ಮೇಲೆ ಇವಳ ಬ್ಯಾಂಕ್ ಖಾತೆಗೇ ತಡೆ ಬಿತ್ತು. ದುಡ್ಡು ಕಳೆದುಕೊಂಡವಳು ತಾನು ಮೋಸಗಾರಳಲ್ಲ ಅಂತ ಕಾಗದ ಹಿಡಿದು ಓಡಾಡಬೇಕಾಯಿತು. ಗೊತ್ತಿಲ್ಲದವರು ‘ಪರೀಕ್ಷೆಗೆ’ ಅಂತ ಹಾಕುವ ಚಿಕ್ಕ ಮೊತ್ತ ನಂಬಿಕೆ ಹುಟ್ಟಿಸುವ ಆಮಿಷ ಮಾತ್ರ ಅಲ್ಲ, ನಿಮ್ಮ ಖಾತೆಯನ್ನೇ ಅವರ ಸರಪಳಿಗೆ ಸೇರಿಸುತ್ತದೆ.

ಅವಳು ಸೈಟಿಗೆ ಹಾಕಿದ ದೊಡ್ಡ ಸ್ಕ್ಯಾನ್‌ಗಳೂ ಅವರ ಕೈಯಲ್ಲೇ ಉಳಿದಿವೆ. ಒಂದು ಚಿತ್ರ ಬೇರೆ ಯಾರದೋ ಹೆಸರಲ್ಲಿ ಇನ್ನೊಂದು ಕಡೆ ಕಾಣಿಸಿತು. ಇದೇನೂ ಅಪರೂಪವಲ್ಲ. ತನ್ನ ಉಚಿತ ಮಿಂಟಿಂಗ್ ಸೌಲಭ್ಯದಲ್ಲಿ ತಯಾರಾದವುಗಳಲ್ಲಿ 80%ಕ್ಕೂ ಹೆಚ್ಚು ಕದ್ದ ಕೃತಿ, ನಕಲಿ ಸಂಗ್ರಹ ಇಲ್ಲವೇ ಕಸ ಅಂತ 2022ರ ಜನವರಿಯಲ್ಲಿ ಓಪನ್‌ಸೀ ಸಂಸ್ಥೆಯೇ ಹೇಳಿತ್ತು. ಹಾಗಂತ ಕೈ ಚೆಲ್ಲಬೇಡಿ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಸ್ವಂತಕ್ಕೆ ಬರೆದ ಚಿತ್ರದ ಹಕ್ಕು ಬರೆದ ಕೂಡಲೇ ನಿಮ್ಮದು. ನೋಂದಣಿ ಇಲ್ಲದಿದ್ದರೂ ನಿಮ್ಮದೇ. ಬರವಣಿಗೆಯಲ್ಲಿ ಬಿಟ್ಟುಕೊಡದೆ ಅದು ಇನ್ನೊಬ್ಬರಿಗೆ ಹೋಗುವುದಿಲ್ಲ. ಮೂಲ ಚಿತ್ರದ ಫೋಟೋ, ಅರ್ಧ ಬರೆದಾಗಿನ ಫೋಟೋ ತೋರಿಸಿ ಕೇಳಿದ ಮೇಲೆ ಆ ಸೈಟಿನವರು ತೆಗೆದರು. ಇನ್ನು ಮೇಲೆ ಕೆಲಸದ ನಡುವೆ ಫೋಟೋ ತೆಗೆದಿಟ್ಟುಕೊಳ್ಳಿ. ಹೊರಗೆ ಹಾಕುವಾಗ ಚಿಕ್ಕ ಫೈಲ್ ಹಾಕಿ.

ಯಾವ ಮೋಸವೂ ಇಲ್ಲದ ಎನ್‌ಎಫ್‌ಟಿಯ ಮೇಲೂ ಈಗ ಆಸೆ ಇಟ್ಟುಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಟ್ವಿಟರ್ ಸ್ಥಾಪಕರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ ಅವರ ಮೊದಲ ಟ್ವೀಟ್ 2021ರಲ್ಲಿ 29 ಲಕ್ಷ ಡಾಲರ್‌ಗೆ ಹೋಗಿತ್ತು. ಕೊಂಡವರು ಮರುವರ್ಷ ಅದನ್ನು 4.8 ಕೋಟಿ ಡಾಲರ್ ಕೇಳಿ ಮಾರಲು ಇಟ್ಟಾಗ, ಆ ಹರಾಜಿನಲ್ಲಿ ಬಂದ ದೊಡ್ಡ ಕೂಗು 300 ಡಾಲರ್ ಕೂಡ ಮುಟ್ಟಲಿಲ್ಲ. ಅಂಥ ಹೆಸರುವಾಸಿ ವಸ್ತುವಿಗೇ ಹೀಗಾದ ಮೇಲೆ, ಪರಿಚಯವಿಲ್ಲದವರು ತಾವಾಗಿ ಬಂದು ಲಕ್ಷಗಟ್ಟಲೆ ಕೊಡುತ್ತೇನೆ ಅಂದರೆ ಯಾಕೆ ಅಂತ ಕೇಳಲೇಬೇಕು.

ಈಗಾಗಲೇ ಸಿಕ್ಕಿಕೊಂಡಿದ್ದರೆ ಇನ್ನು ಒಂದು ರೂಪಾಯಿಯೂ ಕಳಿಸಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಜಾಸ್ತಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಿ. ಯುಪಿಐ ವ್ಯವಹಾರದ ನಂಬರ್, ಸೈಟಿನ ವಿಳಾಸ, ಚಾಟ್ ಎಲ್ಲ ಬೇಕಾಗುತ್ತದೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ವಾಲೆಟ್ ತೆರೆದಿದ್ದರೆ ಅದರ ಬೀಗದ ಕೈಯಂತಿರುವ 12 ಪದಗಳ ಗುಟ್ಟಿನ ಸಾಲನ್ನು ಯಾರಿಗೂ ಕೊಡಬೇಡಿ. ಆಗಲೇ ಕೊಟ್ಟಿದ್ದರೆ ಆ ವಾಲೆಟ್ ಮತ್ತೆ ಬಳಸಬೇಡಿ.

ಇದಾದ ಮೇಲೆ ಇನ್ನೊಂದು ಗುಂಪು ಬರುತ್ತದೆ. ನಮ್ಮ ಹುಡುಗಿ ಒಂದು ಕಡೆ ಸಹಾಯ ಕೇಳಿ ಬರೆದದ್ದೇ ತಡ, ‘ಎಥಿಕಲ್ ಹ್ಯಾಕರ್’, ‘ರಿಕವರಿ ತಜ್ಞ’ ಅಂತ ಒಬ್ಬರ ಹಿಂದೆ ಒಬ್ಬರು ಬಂದರು. ನಿಮ್ಮ ಈಥರ್ ಎಲ್ಲಿದೆ ಅಂತ ಗೊತ್ತಾಗಿದೆ, 15,000 ಕೊಟ್ಟರೆ ವಾಪಸ್ ತರುತ್ತೇವೆ ಅಂದರು. ಇರದ ಈಥರ್ ಅವರಿಗೆ ಎಲ್ಲಿ ಕಂಡಿತು? ಇವರೂ ಮೊದಲು ದುಡ್ಡು ಕೇಳುವವರೇ. ಉತ್ತರವನ್ನೇ ಕೊಡಬೇಡಿ.

ಮೈಸೂರು, ಮಂಡ್ಯ ಕಡೆ ಚಿತ್ರಕಲೆ ಓದುತ್ತಿರುವ ಮಕ್ಕಳಿಗೆ, ಗಂಜೀಫಾ (ಹಳೆಯ ಕಾಲದ ಚಿತ್ರದ ಇಸ್ಪೀಟೆಲೆ) ಬರೆಯುವವರಿಗೆ, ಮನೆಯಲ್ಲೇ ಕೂತು ಬರೆದು ಮಾರುವ ಹೆಣ್ಣುಮಕ್ಕಳಿಗೆ ಇದನ್ನು ದಯವಿಟ್ಟು ಕಳಿಸಿ. ಇಂಥ ಲಿಂಕ್ ಬಂದು ಅನುಮಾನ ಇದ್ದರೆ ದುಡ್ಡು ಕಳಿಸುವ ಮೊದಲು ನನಗೆ ತೋರಿಸಿ. ರಾತ್ರಿಯಾದರೂ ಪರವಾಗಿಲ್ಲ, ಜೊತೆಗೆ ಕೂತು ನೋಡುತ್ತೇನೆ.