ಬೀಡಿನ ಹಳೇ ಕಾವಲಿಯನ್ನು ದಯವಿಟ್ಟು ಬೆಂಕಿಗೆ ಹಾಕಬೇಡಿ

ಅಜ್ಜಿಯ ಕಾಲದ ಬೀಡಿನ, ಅಂದರೆ ಎರಕದ ಕಬ್ಬಿಣದ, ದೋಸೆ ಕಾವಲಿಯನ್ನು ಸ್ವಚ್ಛ ಮಾಡಲು ಹೋಗಿ ನಾನೇ ಒಡೆದೆ. ಹೇಳಲು ಈಗಲೂ ಸಂಕಟ ಆಗುತ್ತದೆ. ನಾನ್‌ಸ್ಟಿಕ್ ಬೇಡ ಅಂತ ಎಷ್ಟೋ ಮನೆಗಳಲ್ಲಿ ಹಳೇ ಕಾವಲಿ, ಬಾಣಲೆಗಳನ್ನು ಅಟ್ಟದಿಂದ ಇಳಿಸುತ್ತಿದ್ದಾರೆ. ತುಂಬಾ ಒಳ್ಳೆಯದು. ಆದರೆ ನಾನು ಮಾಡಿದ್ದನ್ನು ನೀವು ಮಾಡಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪುತ್ತೂರಿನ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಎರಡು ಕಾವಲಿ ಇದ್ದವು. 15 ವರ್ಷದಿಂದ ಗೋಣಿಯಲ್ಲಿ ಸುತ್ತಿಟ್ಟದ್ದು. ಒಂದು ದೊಡ್ಡದು, ಇನ್ನೊಂದು ಸಣ್ಣದು. ದೊಡ್ಡದರ ಅಂಚಿನ ಸುತ್ತ ಎಣ್ಣೆ ಸುಟ್ಟು ಸುಟ್ಟು ಡಾಂಬರಿನ ಹಾಗೆ ಕರಿ ಕಟ್ಟಿತ್ತು. ನಡುವೆ ಕೆಂಪು ತುಕ್ಕು. ಆ ತುಕ್ಕನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಕೆಳಗೆ ನುಣುಪು ಕೈಗೆ ಸಿಗುತ್ತಿತ್ತು. ಅಜ್ಜಿ ದಿನಾ ದೋಸೆ ಎರೆದು, ಸಟ್ಟುಗದಲ್ಲಿ ಕೆರೆದು ಕೆರೆದು ಬಂದ ನುಣುಪು ಅದು.

ಆ ಕರಿ ತೆಗೆಯುವುದು ಹೇಗೆ ಅಂತ ಹುಡುಕಿದೆ. "ಕೆಂಡದಲ್ಲಿ ಹಾಕಿ, ಎಲ್ಲಾ ಸುಟ್ಟು ಹೋಗಿ ಹೊಸದರ ಹಾಗೆ ಆಗುತ್ತದೆ" ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ಮನೆಯಲ್ಲಿ ಬಚ್ಚಲೊಲೆ ಇದೆ. ಬೆಳಿಗ್ಗೆ ಹಂಡೆ ನೀರು ಕಾದ ಮೇಲೆ ಒಲೆ ತುಂಬಾ ಕೆಂಡ. ಕಾವಲಿಯನ್ನು ಅದರಲ್ಲಿ ಹುಗಿದು, ಮೇಲಿಂದ ನಾಲ್ಕು ಕೊಳ್ಳಿ ಇಟ್ಟೆ. ಅರ್ಧ ಗಂಟೆಯಲ್ಲಿ ಕರಿ ಎಲ್ಲಾ ಬೂದಿ. ಕಾವಲಿಯ ಒಂದು ಬದಿ ಕೆಂಪಗೆ ಹೊಳೆಯುತ್ತಿತ್ತು. ನನಗೆ ಖುಷಿಯೋ ಖುಷಿ. ಇಕ್ಕಳದಲ್ಲಿ ಎಳೆದು ಬಚ್ಚಲ ಕಲ್ಲಿನ ಮೇಲೆ ಇಟ್ಟೆ. ಬೂದಿ ಹೋಗಲಿ ಅಂತ ಒಂದು ಚೆಂಬು ನೀರು ಸುರಿದೆ.

ಟಣ್ ಅಂತ ಒಂದೇ ಸದ್ದು. ಗಂಟೆಗೆ ಹೊಡೆದ ಹಾಗೆ. ಹಬೆ ಇಳಿದಾಗ ಅಂಚಿನಿಂದ ಹೆಚ್ಚುಕಡಿಮೆ ನಡುವಿನ ತನಕ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಮಸಿ ಇರಬೇಕು ಅಂತ ಒರೆಸಿದೆ. ಹೋಗಲಿಲ್ಲ. ಅಮ್ಮ ಬಂದು ನೋಡಿ, "ಬೆಂಕಿಗೆ ಹಾಕಿದ್ದಾ? ಬೀಡು ಅಲ್ವಾ ಮಾರಾಯ್ತಿ ಅದು!" ಅಂದರು. ಅಷ್ಟೇ. ಬೈಯಲೂ ಇಲ್ಲ.

ಅಮ್ಮ ಹೇಳಿದ ಆ ಮಾತಿನಲ್ಲೇ ಎಲ್ಲಾ ಇದೆ. ತಗಡಿನ ಕಬ್ಬಿಣವೇ ಬೇರೆ, ಬೀಡೇ ಬೇರೆ. ಕಬ್ಬಿಣದ ತಗಡಿನ ತವಾ ಬಾಗುತ್ತದೆ, ತಗ್ಗಾಗುತ್ತದೆ, ಬಡಿದರೆ ಸರಿಯೂ ಆಗುತ್ತದೆ. ಬೀಡು ಎರಕ ಹೊಯ್ದದ್ದು. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುತ್ತದೆ. ಹೆಚ್ಚಿನ ಪಾತ್ರೆಗಳಲ್ಲಿ ಅದು ಸಣ್ಣ ಸಣ್ಣ ಗ್ರಾಫೈಟ್ ಚೂರಾಗಿ ಒಳಗೆಲ್ಲಾ ಹರಡಿಕೊಂಡಿರುತ್ತದೆ. ಎಳೆತ ಬಿದ್ದರೆ ಆ ಚೂರುಗಳ ಜಾಗದಿಂದಲೇ ಬಿರುಕು ಶುರು. ಬೀಡಿಗೆ ಬಾಗಲು ಬರುವುದಿಲ್ಲ, ಒಡೆಯಲು ಮಾತ್ರ ಬರುತ್ತದೆ. ಒಂದು ಕಡೆ ಕೆಂಪಗೆ ಕಾದು ಹಿಗ್ಗಿದೆ, ಇನ್ನೊಂದು ಕಡೆ ತಣ್ಣೀರು ಬಿದ್ದು ಕುಗ್ಗಿದೆ. ನಡುವೆ ಸಿಕ್ಕಿದ್ದು ಸೀಳಲೇಬೇಕು.

ವೆಲ್ಡಿಂಗ್ ಮಾಡಿಸೋಣ ಅಂತ ಪೇಟೆಗೆ ಒಯ್ದೆ. ಒಬ್ಬರು ಮಾಮೂಲಿ ರಾಡಿನಲ್ಲೇ ಹಾಕಿಕೊಟ್ಟರು. ತಣ್ಣಗಾಗುವಾಗ ವೆಲ್ಡಿಂಗಿನ ಪಕ್ಕದಲ್ಲೇ ಹೊಸ ಬಿರುಕು. ಬೀಡಿಗೆ ನಿಕ್ಕಲ್ ರಾಡ್ ಬೇಕು, ಮೊದಲು ಇಡೀ ಕಾವಲಿಯನ್ನು ನಿಧಾನಕ್ಕೆ ಬಿಸಿ ಮಾಡಬೇಕು, ಆಮೇಲೆ ಬೂದಿಯಲ್ಲಿ ಹುಗಿದು ಅಷ್ಟೇ ನಿಧಾನಕ್ಕೆ ಆರಿಸಬೇಕು ಅಂತ ಇನ್ನೊಬ್ಬರು ವಿವರಿಸಿದರು. ಅಷ್ಟು ಮಾಡಿದರೂ ದೋಸೆ ಎರೆಯುವ ಕಾವಲಿಗೆ ಅದು ಬೇಡ ಅಂದರು. ಮೊದಲೇ ಇವರ ಹತ್ತಿರ ಹೋಗಬೇಕಿತ್ತು.

ನೀರು ಹಾಕದಿದ್ದರೆ ಉಳಿಯುತ್ತಿತ್ತಲ್ವಾ ಅಂತ ನೀವು ಕೇಳಬಹುದು. ಒಡೆಯದೆ ಇರುತ್ತಿತ್ತೇನೋ, ಆದರೆ ಹಾಳಾಗದೆ ಇರುತ್ತಿರಲಿಲ್ಲ. ಕಣ್ಣಿಗೆ ಕೆಂಪಗೆ ಕಾಣಬೇಕಾದರೆ ಲೋಹ 500 ಡಿಗ್ರಿ ದಾಟಿರಬೇಕು. ಎಣ್ಣೆ ಹಚ್ಚಿ ಕಾಯಿಸಿ ಕಾವಲಿ ಪಳಗಿಸಲು 200ರಿಂದ 250 ಡಿಗ್ರಿ ಸಾಕು. ಅತಿಯಾಗಿ ಸುಟ್ಟರೆ ಬಾಗದ ಬೀಡೂ ನಿಧಾನಕ್ಕೆ ಸೊಟ್ಟಗಾಗಬಹುದು. ಮೇಲ್ಮೈ ಒರಟಾಗಿ ಕೆಂಪು ಹೊಪ್ಪಳೆ ಬರುತ್ತದೆ. ಉಜ್ಜಿ ಎಣ್ಣೆ ಹಚ್ಚಿದರೂ ಅಂಥದ್ದರ ಮೇಲೆ ಎಣ್ಣೆಯ ಪದರ ಸರಿಯಾಗಿ ನಿಲ್ಲುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ತುಕ್ಕು ತೆಗೆಯುವುದನ್ನೂ ನೋಡಿದ್ದೇನೆ. ಬೇಡವೇ ಬೇಡ. ತುಕ್ಕು ಮುಗಿದ ಮೇಲೆ ಅದು ಕಾವಲಿಯನ್ನೇ ತಿನ್ನುತ್ತದೆ.

ಸಣ್ಣ ಕಾವಲಿಯನ್ನು ಅಮ್ಮ ಹೇಳಿದ ಹಾಗೆ ಮಾಡಿದೆ. ಅಕ್ಕಿ ತೊಳೆದ ನೀರಿನಲ್ಲಿ ಮೂರು ದಿನ ಮುಳುಗಿಸಿಟ್ಟು, ದಿನಾ ನೀರು ಬದಲಿಸಿ, ಕಲ್ಲುಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ನೀರು ಹುಳಿ ಬಂದ ಹಾಗೆ ತುಕ್ಕು ಸಡಿಲ ಆಗುತ್ತದೆ. ಅಂಚಿನ ಕರಿಯನ್ನು ಕತ್ತಿಯ ಬೆನ್ನಿನಲ್ಲಿ ಕೆರೆದು ಎಷ್ಟು ಬಂತೋ ಅಷ್ಟು ತೆಗೆದೆ. ಉಳಿದದ್ದು ಇರಲಿ. ಅಂಚಿನ ಕರಿ ದೋಸೆಗೆ ಏನೂ ಮಾಡುವುದಿಲ್ಲ, ಇದು ಮೊದಲೇ ಗೊತ್ತಿದ್ದರೆ ದೊಡ್ಡದು ಇವತ್ತೂ ಇರುತ್ತಿತ್ತು. ತೊಳೆದ ಕೂಡಲೇ ಸಣ್ಣ ಉರಿಯಲ್ಲಿ ಆರಿಸಿ. ಒದ್ದೆ ಬಿಟ್ಟರೆ ನೋಡುನೋಡುತ್ತಲೇ ಮತ್ತೆ ಕೆಂಪಾಗುತ್ತದೆ.

ಎಣ್ಣೆ ಹಚ್ಚುವಾಗಲೂ ಒಂದು ತಪ್ಪು ಮಾಡಿದೆ. ಜಾಸ್ತಿ ಹಚ್ಚಿದರೆ ಬೇಗ ಪಳಗುತ್ತದೆ ಅಂದುಕೊಂಡು ಧಾರಾಳವಾಗಿ ತೆಂಗಿನೆಣ್ಣೆ ಸುರಿದೆ. ಮೇಲೆ ಜಿಗುಟು ಅಂಟು ಕೂತಿತು, ದೋಸೆ ಏಳಲೇ ಇಲ್ಲ. ಕಾವಿಗೆ ಎಣ್ಣೆ ಗಟ್ಟಿಯಾಗಿ ಬೀಡಿಗೆ ಅಂಟಿಕೊಳ್ಳಬೇಕು, ತೆಂಗಿನೆಣ್ಣೆ ಹಾಗೆ ಸುಲಭವಾಗಿ ಗಟ್ಟಿಯಾಗುವುದಿಲ್ಲ. ಎಲ್ಲಾ ತಿಕ್ಕಿ ತೆಗೆದು ಎಳ್ಳೆಣ್ಣೆ ಹಿಡಿದೆ. ಕಾವಲಿ ಬೆಚ್ಚಗಿರುವಾಗ ನಾಲ್ಕೇ ಹನಿ ಹಚ್ಚಿ, ಒಣ ಬಟ್ಟೆಯಲ್ಲಿ ಹಚ್ಚಿದ್ದೇ ಇಲ್ಲ ಅನ್ನುವ ಹಾಗೆ ಒರೆಸಿಬಿಡಿ. ಆಮೇಲೆ ಹೊಗೆ ಬಂದು ನಿಲ್ಲುವ ತನಕ ಕಾಯಿಸಿ, ತಾನಾಗಿ ಆರಲು ಬಿಡಿ. ಐದಾರು ಸಲ ಹೀಗೆ.

ದೊಡ್ಡದಕ್ಕೆ ಬದಲು ಇನ್ನೊಂದು ಸಿಗಬಹುದಾ ಅಂತ ಗುಜರಿ ಅಂಗಡಿಗೂ ಹೋದೆ. ಒಂದು ಚಂದದ ಬೀಡಿನ ಬಾಣಲೆ ಇತ್ತು, ತಳದಲ್ಲಿ ಬೂದುಬಣ್ಣದ ಕಲೆ. ಯಾರದ್ದು ಅಂತ ಕೇಳಿದಾಗ, ಬಲೆಗೆ ಕಟ್ಟುವ ಸೀಸದ ಗುಂಡು ಎರಕ ಹೊಯ್ಯುತ್ತಿದ್ದವರದ್ದು ಅಂದರು. ಅಲ್ಲೇ ಬಿಟ್ಟು ಬಂದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಬೀಡಿನ ಬಾಣಲೆಯಲ್ಲೇ ಸುಲಭವಾಗಿ ಕರಗಿಸಬಹುದು. ಆ ಬಾಣಲೆಯನ್ನು ಎಷ್ಟು ತಿಕ್ಕಿದರೂ ಅಡುಗೆಗೆ ನಂಬುವ ಹಾಗಿಲ್ಲ. ಸೀಸ ಮಕ್ಕಳ ಮೆದುಳಿಗೆ ವಿಷ. ಯಾರ ಮನೆಯದ್ದು, ಎಂತಕ್ಕೆ ಬಳಸಿದ್ದು ಅಂತ ಗೊತ್ತಿಲ್ಲದ ಹಳೇ ಪಾತ್ರೆ ಎಷ್ಟೇ ಚಂದ ಇದ್ದರೂ ಕೊಳ್ಳಬೇಡಿ.

ಸಣ್ಣ ಕಾವಲಿಯಲ್ಲಿ ಒಂದು ತಿಂಗಳು ಬರೀ ಉದ್ದಿನ ದೋಸೆ ಎರೆದೆ, ಪ್ರತಿ ಸಲ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ. ಹೋದ ಭಾನುವಾರ ಮೊದಲ ಸಲ ನೀರುದೋಸೆ ಹಾಕಿ ನೋಡಿದೆ. ಎರಡು ಹರಿದವು. ಮೂರನೆಯದು ಅಂಚು ಬಿಟ್ಟು ತಾನೇ ಎದ್ದು ಬಂತು. ಅಮ್ಮ ಅದನ್ನು ನಾಲ್ಕು ಮಡಚಿ ತಮ್ಮ ಬಟ್ಟಲಿಗೇ ಹಾಕಿಕೊಂಡರು.