ಖಡಕಿಯ ಉಚಿತ ತರಬೇತಿ: ಮುಗಿಸಿ ನೌಕರಿ ಮಾಡುತ್ತಿರುವವನ ಅಭಿಪ್ರಾಯ

ಸೇನೆಯಲ್ಲಿ ಗಾಯಗೊಂಡು ಬೋರ್ಡ್ ಔಟ್ ಆದ, ಅಂದರೆ ಮೆಡಿಕಲ್ ಬೋರ್ಡ್ ಅನರ್ಹ ಅಂದು ಮನೆಗೆ ಕಳಿಸಿದ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣಾ, ಖಡಕಿಗೆ ಹೋದ್ರೆ ನೌಕರಿ ಗ್ಯಾರಂಟಿನಾ?" ಅಂತ. ಗ್ಯಾರಂಟಿ ಇಲ್ಲ. ಆದರೂ ಹೋಗಿ ಅಂತಲೇ ಹೇಳುತ್ತೇನೆ.

ಪುಣೆ ಹತ್ತಿರದ ಖಡಕಿಯಲ್ಲಿರುವ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1917ರಲ್ಲಿ, ಮುಂಬೈನಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ನಮ್ಮ ಸಿಪಾಯಿಗಳಿಗೆ ಕಸುಬು ಕಲಿಸೋಕೆ. ಆಮೇಲೆ ಖಡಕಿಗೆ ಬಂತು. ನಾನು ಫೀಸು ಕಟ್ಟಲಿಲ್ಲ, ಉಳಿದುಕೊಂಡಿದ್ದೂ ಅಲ್ಲೇ.

ಕೋರ್ಸಿಗಿಂತ ನನಗೆ ಜಾಸ್ತಿ ಉಪಯೋಗ ಆಗಿದ್ದು ಅಲ್ಲಿನ ಸಹವಾಸ. ಮೊಣಕಾಲ ಕೆಳಗೆ ಕತ್ತರಿಸಿದ ಕಾಲು ಬೆಳಿಗ್ಗೆ ಇದ್ದಷ್ಟು ದಪ್ಪ ಮಧ್ಯಾಹ್ನಕ್ಕೆ ಇರುವುದಿಲ್ಲ. ಸ್ಟಂಪ್ ಸೊರಗಿ ಸಾಕೆಟ್, ಅಂದರೆ ಅದು ಕೂರುವ ಕೃತಕ ಕಾಲಿನ ಬಟ್ಟಲು, ಸಡಿಲ ಆಗುತ್ತದೆ, ಇನ್ನೊಂದು ಕಾಲುಚೀಲ ಏರಿಸಬೇಕು. ಕ್ಲಾಸ್ ಮಧ್ಯೆಯೇ ಪ್ಯಾಂಟ್ ಮಡಚಿ, ಕಾಲು ಬಿಚ್ಚಿ ಬೆಂಚಿಗೆ ಒರಗಿಸಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಪಕ್ಕದವನೂ ಅದನ್ನೇ ಮಾಡುತ್ತಿದ್ದ. ಈಗ ಬ್ಯಾಂಕಿನಲ್ಲಿ ಅದಕ್ಕೇ ರೆಕಾರ್ಡ್ ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ಇನ್ನೊಂದು ಅನುಕೂಲ, 1944ರಿಂದ ಇರುವ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಪುಣೆಯಲ್ಲೇ ಇದೆ. ಸಾಕೆಟ್ ಒತ್ತಿ ಹುಣ್ಣಾದರೆ ಊರಿಂದ ರೈಲು ಹತ್ತಬೇಕಾಗಿರಲಿಲ್ಲ.

ನಾನು ಕಲಿತಿದ್ದು ಕಂಪ್ಯೂಟರ್. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಕಂಪ್ಯೂಟರ್ ಸರ್ಟಿಫಿಕೇಟ್ ಕೇಳುತ್ತಾರೆ, ಅದಕ್ಕೆ ಇದೇ ಸಾಕಾಯಿತು.

ಇನ್ನು ನೌಕರಿಯ ವಿಷಯ. ಸರ್ಕಾರಿ ಬ್ಯಾಂಕು ಮತ್ತು ಕೇಂದ್ರ ಸರ್ಕಾರದ ಉದ್ದಿಮೆಗಳಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 14.5, ಗ್ರೂಪ್ ಡಿ ಹುದ್ದೆಗಳ ಶೇ 24.5 ಮಾಜಿ ಸೈನಿಕರಿಗೆ. ಅದರೊಳಗೇ ಶೇ 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ತೀರಿಕೊಂಡವರ ಮನೆಯವರಿಗೆ. ಓದೋಕೆ ಚೆನ್ನಾಗಿದೆ, ಅಲ್ವಾ? ಕೊಕ್ಕೆ ಇರುವುದು "ಅಂಗವಿಕಲ ಮಾಜಿ ಸೈನಿಕ" ಅನ್ನುವ ವ್ಯಾಖ್ಯಾನದಲ್ಲಿ. ಶತ್ರುವಿನ ವಿರುದ್ಧದ ಕಾರ್ಯಾಚರಣೆಯಲ್ಲೋ ಗಲಭೆಪೀಡಿತ ಪ್ರದೇಶದಲ್ಲೋ ಗಾಯ ಆಗಿರಬೇಕು. ನನ್ನದು ಕಾಶ್ಮೀರದಲ್ಲಿ, ಮೈನ್ ಸಿಡಿದು. ಹಾಗಾಗಿ ಲೆಕ್ಕಕ್ಕೆ ಬಂತು. ನನ್ನ ಬೆಂಚಿನ ಗೆಳೆಯ ವಿಜಯಪುರದ ಕಡೆಯವನು. ಶಾಂತಿ ಠಾಣೆಯಲ್ಲಿ, ಅಂದರೆ ಕಾರ್ಯಾಚರಣೆ ಇಲ್ಲದ ಕಡೆಯ ಸೇನಾ ನೆಲೆಯಲ್ಲಿ, ಅಭ್ಯಾಸಕ್ಕೆ ಹೋಗುವಾಗ ಗಾಡಿ ಮಗುಚಿತು. ಇಬ್ಬರ ಕಾಲೂ ಹೋಗಿದ್ದು ಡ್ಯೂಟಿಯಲ್ಲೇ, ಕತ್ತರಿಸಿದ್ದೂ ಹೆಚ್ಚುಕಮ್ಮಿ ಒಂದೇ ಕಡೆ. ಅವನಿಗೆ ಆ 4.5ರಲ್ಲಿ ಜಾಗ ಇಲ್ಲ. ಉಳಿದ ಮಾಜಿ ಸೈನಿಕರ ಜೊತೆ ಪೈಪೋಟಿ ಮಾಡಬೇಕು. ಈ ನಿಯಮ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಅವನು ಪೈಪೋಟಿಗೆ ನಿಲ್ಲಲಿಲ್ಲ ಬಿಡಿ. ಕರೆಂಟ್ ಕೆಲಸ ಕಲಿತು ಊರಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಹಾಕಿದ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್‌ಗಳು ಸಾಲಾಗಿ ಸುಟ್ಟು ಬರುತ್ತವೆ, ಆಗ ಅವನ ಗಳಿಕೆ ನನ್ನ ಸಂಬಳಕ್ಕಿಂತ ಜಾಸ್ತಿ. ಅದಕ್ಕೇ ಹೇಳುವುದು: ಕೋರ್ಸ್ ಆರಿಸುವ ಮುಂಚೆ ನಿಮ್ಮ ಗಾಯ ಯಾವ ವ್ಯಾಖ್ಯಾನಕ್ಕೆ ಬರುತ್ತದೆ ಅಂತ ನಿಮ್ಮ ಸರ್ವಿಸ್ ದಾಖಲೆ ಇಡುವ ಸೇನೆಯ ರೆಕಾರ್ಡ್ ಆಫೀಸಿನಿಂದ ಬರಹದಲ್ಲಿ ತರಿಸಿಕೊಳ್ಳಿ.

ಡಿಗ್ರಿ ಕೇಳುವ ಇಂಥ ಹುದ್ದೆಗೆ, 15 ವರ್ಷ ಸರ್ವಿಸ್ ಆದವರಿಗೆ ಡಿಗ್ರಿಗೆ ಸಮ ಅಂತ ಸೇನೆಯ ಸರ್ಟಿಫಿಕೇಟ್ ನಡೆಯುತ್ತದೆ. ಬೋರ್ಡ್ ಔಟ್ ಆದ ನಮ್ಮಂಥವರಲ್ಲಿ ಬಹಳ ಜನಕ್ಕೆ ಅಷ್ಟು ವರ್ಷ ಎಲ್ಲಿ ಆಗಿರುತ್ತದೆ? ನಾನು ದೂರಶಿಕ್ಷಣದಲ್ಲಿ ಬಿಎ ಮುಗಿಸಬೇಕಾಯಿತು. ಕನ್ನಡ ಪರೀಕ್ಷೆ ಇದ್ದಾಗ ಮಾತ್ರ ನಗು ಬಂತು. ಯೂನಿಟ್‌ನಲ್ಲಿ ಹಿಂದಿ ಮಾತಾಡಿ ಮಾತಾಡಿ ಒತ್ತಕ್ಷರ ಕೈ ತಪ್ಪಿಹೋಗಿತ್ತು.

ಕಾಗದಪತ್ರದಲ್ಲೂ ಸುಮ್ನೆ ಅಲೆಯಬೇಡಿ. ಸೇನೆಯ ಮೆಡಿಕಲ್ ಬೋರ್ಡ್ ಕೊಟ್ಟ ಶೇಕಡಾವಾರು ಬೇರೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಸಿಗುವ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇರೆ. ಎರಡನೆಯದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ತಪಾಸಣೆ ಆಗಬೇಕು, ಅಂಗವಿಕಲರ ಮೀಸಲಾತಿಗೆ ಕನಿಷ್ಠ ಶೇ 40 ಇರಬೇಕು. ಇಷ್ಟನ್ನು ಒಂದು ಕಚೇರಿಯ ಗುಮಾಸ್ತರು ಮೊದಲ ದಿನವೇ ಹೇಳಬಹುದಿತ್ತು. "ನಾಳೆ ಬನ್ನಿ" ಅಂದರು, ಮೆಟ್ಟಿಲು ಹತ್ತಿಸಿದರು.

ಕೆಲಸಕ್ಕೆ ಸೇರಿದರೆ ಡಿಸೆಬಿಲಿಟಿ ಪೆನ್ಷನ್ ನಿಂತುಹೋಗುತ್ತದೆ ಅಂತ ಹೆದರಿ ಮನೆಯಲ್ಲೇ ಕೂತವರನ್ನೂ ನೋಡಿದ್ದೇನೆ. ನಿಲ್ಲುವುದಿಲ್ಲ. ನನಗೆ ಸಂಬಳ, ಪೆನ್ಷನ್ ಎರಡೂ ಬರುತ್ತಿವೆ.