ಪಾಪ್‌ಅಪ್ ಟೂಲಾ, ಕೊಂಡವರ ಮಾತಾ? ನಾಲ್ಕು ಬಗೆಯ ಸೋಷಿಯಲ್ ಪ್ರೂಫ್ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೊಂಡವರ ಮಾತಿಗೆ. ನಮ್ಮ ಹತ್ತಿರ ವಸ್ತು ಕೊಂಡು, ಬಳಸಿ, ಅವರೇ ಬರೆದು ಕಳಿಸುವ ರಿವ್ಯೂ, ಜೊತೆಗೆ ಅವರೇ ತೆಗೆದ ಒಂದು ಫೋಟೊ. ಇದಕ್ಕೆ ಖರ್ಚಾಗಿದ್ದು ನನ್ನ ಸಮಯ ಮಾತ್ರ. ವರ್ಷದ ಚಂದಾ ಪೂರ್ತಿ ಕಟ್ಟಿ ತಗೊಂಡ ಪಾಪ್‌ಅಪ್ ಟೂಲನ್ನು ಐದನೇ ತಿಂಗಳಿಗೆ ಆಫ್ ಮಾಡಿದೆ. ಮಿಕ್ಕ ಏಳು ತಿಂಗಳ ದುಡ್ಡು ವಾಪಸ್ ಬರಲಿಲ್ಲ.

ನಾನು ಕ್ಯಾನ್ವಾಸ್ ಬ್ಯಾಗ್ ಹೊಲಿದು ನನ್ನದೇ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಲ್ಯಾಪ್‌ಟಾಪ್ ಇಡುವ ಹೆಗಲ ಬ್ಯಾಗ್, ಎರಡೇ ಅಳತೆ. ವಾರಕ್ಕೆ ಏಳೆಂಟು ಆರ್ಡರ್ ಬಂದರೆ ಅದು ಒಳ್ಳೆಯ ವಾರ. ಕೈಯಲ್ಲಿ ಹಿಡಿದು ನೋಡಿದವರು ಜಾಸ್ತಿ ಯೋಚಿಸದೆ ಕೊಳ್ಳುತ್ತಾರೆ. ಫೋನಿನಲ್ಲಿ ನೋಡುವವರಿಗೆ ಮಾತ್ರ ನೂರೆಂಟು ಅನುಮಾನ. ಹೊಲಿಗೆ ಗಟ್ಟಿ ಇದೆಯಾ? ಪಟ್ಟಿ ಹೆಗಲಿಗೆ ಒತ್ತುತ್ತದಾ? ದುಡ್ಡು ಕಟ್ಟಿದ ಮೇಲೆ ಬ್ಯಾಗ್ ನಿಜವಾಗಿ ಬರುತ್ತದಾ? ನಾನು ಎಷ್ಟು ಹೇಳಿದರೂ ಈ ಅನುಮಾನ ಹೋಗುವುದಿಲ್ಲ, ಮಾರುವುದು ನಾನೇ ಅಲ್ವಾ. ಬೇರೆಯವರೇ ಹೇಳಬೇಕು. ಬೇರೆಯವರು ಕೊಂಡಿದ್ದಾರೆ, ಮೆಚ್ಚಿದ್ದಾರೆ ಅಂತ ತೋರಿಸಿ ನಂಬಿಕೆ ಹುಟ್ಟಿಸುವುದಕ್ಕೇ ಸೋಷಿಯಲ್ ಪ್ರೂಫ್ ಅನ್ನುವುದು. ನಾನು ಬಳಸಿ ನೋಡಿದ ನಾಲ್ಕು ಬಗೆ: ಪಾಪ್‌ಅಪ್, ಕೊಂಡವರ ಲೆಕ್ಕ, ಇನ್‌ಫ್ಲುಯೆನ್ಸರ್, ಕೊಂಡವರ ಮಾತು.

ಪಾಪ್‌ಅಪ್ ಅಂದರೆ ನೀವೂ ನೋಡಿರುತ್ತೀರಿ. ಸೈಟಿನ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಎದ್ದು ಬರುತ್ತದೆ. ಇಂಥ ಊರಿನ ಇಂಥವರು ಇಷ್ಟು ನಿಮಿಷದ ಹಿಂದೆ ಇದನ್ನು ಕೊಂಡರು ಅಂತ ತೋರಿಸಿ ಮಾಯವಾಗುತ್ತದೆ. ಇದನ್ನು ಕೊಳ್ಳುವಾಗ ನನ್ನ ತಲೆಯಲ್ಲಿ ಇದ್ದದ್ದು 1969ರ ಒಂದು ಪ್ರಯೋಗ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಜೊತೆಗಾರರು ನ್ಯೂಯಾರ್ಕಿನ ಫುಟ್‌ಪಾತಿನಲ್ಲಿ ತಮ್ಮವರನ್ನು ನಿಲ್ಲಿಸಿ, ಎದುರಿನ ಕಟ್ಟಡದ ಆರನೇ ಮಹಡಿಯ ಕಿಟಕಿಯ ಕಡೆ ತಲೆ ಎತ್ತಿ ನೋಡಲು ಹೇಳಿದರು. ಒಬ್ಬರೇ ನಿಂತು ನೋಡಿದಾಗ ದಾರಿಯಲ್ಲಿ ಹೋಗುತ್ತಿದ್ದವರಲ್ಲಿ ಶೇ 4ರಷ್ಟು ಮಂದಿ ನಿಂತರು. 15 ಜನ ನೋಡಿದಾಗ ಶೇ 40ರಷ್ಟು ಮಂದಿ ನಿಂತರು. ಗುಂಪು ಕಂಡರೆ ಜನ ನಿಲ್ಲುತ್ತಾರೆ, ಪಾಪ್‌ಅಪ್ ನನ್ನ ಸೈಟಿನಲ್ಲಿ ಗುಂಪು ತೋರಿಸುತ್ತದೆ ಅಂದುಕೊಂಡೆ. ನನ್ನ ಹತ್ತಿರ ಆ 15 ಜನ ಇದ್ದಾರಾ ಅಂತ ಮಾತ್ರ ಯೋಚಿಸಲಿಲ್ಲ.

ಎರಡನೇ ವಾರಕ್ಕೇ ಗೊತ್ತಾಯಿತು. ಡಬ್ಬಿಯಲ್ಲಿ ಬರುತ್ತಿದ್ದದ್ದು ‘3 ದಿನಗಳ ಹಿಂದೆ’, ‘4 ದಿನಗಳ ಹಿಂದೆ’. ನೋಡಿದವರಿಗೆ ಅರ್ಥವಾಗುವುದು ಒಂದೇ: ಇಲ್ಲಿ ಯಾರೂ ಕೊಳ್ಳುತ್ತಿಲ್ಲ. ಸೋಷಿಯಲ್ ಪ್ರೂಫ್ ಹೀಗೆ ತಿರುಗಿ ಹೊಡೆಯುವುದು ಹೊಸದೇನಲ್ಲ. ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಅಂತ ಒಂದು ರಾಷ್ಟ್ರೀಯ ಉದ್ಯಾನ ಇದೆ. ಬಂದವರು ಅಲ್ಲಿನ ಕಲ್ಲಾದ ಮರದ ಚೂರುಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ‘ಹಿಂದೆ ಬಂದವರು ತುಂಬಾ ಜನ ಚೂರು ಒಯ್ದು ಕಾಡು ಹಾಳಾಗಿದೆ’ ಅಂತ ಸಂಶೋಧಕರು ಬೋರ್ಡ್ ಹಾಕಿದಾಗ, ಗುರುತು ಹಾಕಿಟ್ಟ ಚೂರುಗಳಲ್ಲಿ ಶೇ 8ರ ಹತ್ತಿರ ಕಳುವಾದವು. ಚೂರು ಒಯ್ಯಬೇಡಿ ಅಂತ ಸುಮ್ಮನೆ ಕೇಳಿಕೊಂಡು, ಒಬ್ಬನೇ ಚೂರು ಎತ್ತುವ ಚಿತ್ರ ಹಾಕಿದ ಬೋರ್ಡ್ ಇದ್ದಾಗ ಕಳುವಾದದ್ದು ಶೇ 2ಕ್ಕಿಂತ ಕಡಿಮೆ. ಎಲ್ಲರೂ ಏನು ಮಾಡುತ್ತಾರೆ ಅಂತ ತೋರಿಸಿದರೆ ಜನ ಅದನ್ನೇ ಮಾಡುತ್ತಾರೆ. ನಾನು ತೋರಿಸುತ್ತಿದ್ದದ್ದು, ಎಲ್ಲರೂ ಕೊಳ್ಳದೆ ಹೋಗುತ್ತಿದ್ದಾರೆ ಅನ್ನುವುದನ್ನು.

ಟೂಲಿನವರಿಗೆ ಬರೆದೆ. ಎರಡು ದಾರಿ ಹೇಳಿದರು. ಒಂದು, ಸಮಯವನ್ನು ಮುಚ್ಚಿಡುವುದು. ಇನ್ನೊಂದು, ‘ಸ್ಯಾಂಪಲ್ ಹೆಸರು’ ಆನ್ ಮಾಡುವುದು. ಅಂದರೆ ಕೊಳ್ಳದೇ ಇರುವವರ ಹೆಸರು ಹಾಕಿ ಕೊಂಡರು ಅನ್ನುವುದು. ಅದು ಸುಳ್ಳು. ಬೇಡ ಅಂದೆ. ಸಮಯ ಮುಚ್ಚಿಟ್ಟೆ.

ಆಮೇಲೆ ಒಂದು ಮೆಸೇಜು ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಟೂಲ್ ಮಾರುವವರು ಯಾರೂ ಈ ಬಗ್ಗೆ ಹೇಳುವುದಿಲ್ಲ.

ಒಬ್ಬರು ಗಂಡನ ಹುಟ್ಟುಹಬ್ಬಕ್ಕೆ ಅಂತ ದೊಡ್ಡ ಅಳತೆಯ ಬ್ಯಾಗ್ ಆರ್ಡರ್ ಮಾಡಿದ್ದರು. ಗಂಡ ತಿಂಗಳುಗಟ್ಟಲೆ ಅದೇ ಬ್ಯಾಗನ್ನು ತೆಗೆದು ತೆಗೆದು ನೋಡುತ್ತಿದ್ದರಂತೆ, ಅದಕ್ಕೇ ಗುಟ್ಟಾಗಿ ಕೊಂಡಿದ್ದು. ಆ ರಾತ್ರಿ ಗಂಡ ಮತ್ತೆ ನನ್ನ ಸೈಟ್ ತೆರೆದರು. ಮೂಲೆಯಲ್ಲಿ ಡಬ್ಬಿ ಎದ್ದಿತು. ಹೆಂಡತಿಯ ಹೆಸರು, ಅವರ ಊರು, ಕೆಳಗೆ ‘ದೊಡ್ಡ ಬ್ಯಾಗ್, ಕಡು ಹಸಿರು’. ಹೆಂಡತಿ ನನಗೆ ಬರೆದದ್ದು ಎರಡೇ ಸಾಲು: ‘ಬ್ಯಾಗ್ ಚೆನ್ನಾಗಿಯೇ ಇರಬಹುದು. ಆದರೆ ನನ್ನ ಹೆಸರನ್ನು ಹೀಗೆ ಹಾಕುತ್ತೀರಿ ಅಂತ ನನಗೆ ಯಾರು ಹೇಳಿದರು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕೇಳಿರಲೇ ಇಲ್ಲ. ಟೂಲ್ ಹಾಕುವಾಗ ಹೆಸರು, ಊರು ಎರಡೂ ತಾನಾಗಿ ಆನ್ ಆಗಿದ್ದವು. ನಾನು ಡಬ್ಬಿಯ ಬಣ್ಣ ಆರಿಸಿ ಮುಂದೆ ಹೋಗಿದ್ದೆ. ಅವತ್ತು ರಾತ್ರಿಯೇ ಕ್ಷಮೆ ಕೇಳಿ ಹೆಸರು ತೋರಿಸುವುದನ್ನು ಆಫ್ ಮಾಡಿದೆ. ಬೆಳಿಗ್ಗೆ ನೋಡಿದರೆ ಹಳೆಯ ಹೆಸರುಗಳು ಇನ್ನೂ ಬರುತ್ತಿವೆ! ಹಳೆಯ ಆರ್ಡರುಗಳ ಒಂದು ಪ್ರತಿ ಟೂಲಿನವರ ಸರ್ವರಿನಲ್ಲಿ ಕೂತಿತ್ತು, ಅದನ್ನು ಅವರೇ ಅಳಿಸಬೇಕಿತ್ತು. ಮೇಲ್ ಮಾಡಿ ಎರಡು ದಿನ ಕಾದೆ. ಕೊನೆಗೆ ಉಳಿದದ್ದು ‘ಯಾರೋ ಒಬ್ಬರು ಬ್ಯಾಗ್ ಕೊಂಡರು’ ಅನ್ನುವ ಸಾಲು. ಹೆಸರಿಲ್ಲ, ಊರಿಲ್ಲ, ಸಮಯ ಇಲ್ಲ. ಅದನ್ನು ಯಾರು ನಂಬುತ್ತಾರೆ?

ಫೋನಿನಲ್ಲಿ ಆ ಡಬ್ಬಿ ಸರಿಯಾಗಿ ಕೊಳ್ಳುವ ಬಟನ್ ಮೇಲೇ ಬಂದು ಕೂರುತ್ತಿತ್ತು.

ಮಾರಾಟ ಹೆಚ್ಚಾಯಿತಾ ಅಂತ ಕೇಳಬಹುದು. ವಾರಕ್ಕೆ ಏಳೆಂಟು ಆರ್ಡರ್ ಇರುವ ಕಡೆ ಅದನ್ನು ಅಳೆಯುವುದೇ ಕಷ್ಟ. ಒಂದು ವಾರ ಐದು, ಇನ್ನೊಂದು ವಾರ ಒಂಬತ್ತು ಸುಮ್ಮನೆಯೂ ಬರುತ್ತವೆ. ಟೂಲಿನ ವರದಿಯಲ್ಲಿ ಮಾತ್ರ, ಡಬ್ಬಿ ಕಂಡ ಮೇಲೆ ಯಾರು ಏನು ಕೊಂಡರೂ ಅದು ಟೂಲಿನ ಲೆಕ್ಕಕ್ಕೇ ಹೋಗುತ್ತಿತ್ತು.

‘ಇಷ್ಟು ಸಾವಿರ ಮಂದಿ ಕೊಂಡಿದ್ದಾರೆ’ ಅನ್ನುವ ಲೆಕ್ಕದ ಪಟ್ಟಿ ದೊಡ್ಡವರಿಗೆ ಸರಿ. ನನ್ನ ಸಂಖ್ಯೆ ಇನ್ನೂ ಮೂರು ಅಂಕಿಯದು, ಹಾಕಿ ಒಂದು ವಾರಕ್ಕೆ ತೆಗೆದೆ. ಫಾಲೋವರ್ಸ್ ಸಂಖ್ಯೆಯನ್ನು ದುಡ್ಡು ಕೊಟ್ಟು ಏರಿಸಿಕೊಳ್ಳಿ ಅಂತ ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಆ ದಾರಿ ಬೇಡ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ನಕಲಿ ರಿವ್ಯೂ ಕೊಳ್ಳುವುದು, ವ್ಯಾಪಾರಕ್ಕಾಗಿ ನಕಲಿ ಫಾಲೋವರ್ಸ್ ಕೊಳ್ಳುವುದು ಎರಡನ್ನೂ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿ ನಿಷೇಧಿಸಿದೆ. ನಿಯಮ ಇಲ್ಲದಿದ್ದರೂ, ಮೋಸ ಅಂತ ಒಬ್ಬರಿಗೆ ಗೊತ್ತಾದರೆ ನಿಜವಾದ ರಿವ್ಯೂಗಳನ್ನೂ ಯಾರೂ ನಂಬುವುದಿಲ್ಲ.

ಇನ್‌ಫ್ಲುಯೆನ್ಸರ್ ಒಬ್ಬರಿಗೆ ಬ್ಯಾಗ್ ಮತ್ತು ಫೀ ಕೊಟ್ಟೆ. ಒಳ್ಳೆಯವರು, ದುಡ್ಡು ತಗೊಂಡಿದ್ದೇನೆ ಅಂತ ವಿಡಿಯೋದಲ್ಲೇ ಹೇಳಿದರು. ಎರಡು ದಿನ ಆರ್ಡರ್ ಬಂದವು, ಮೂರನೇ ದಿನ ಮತ್ತೆ ಎಂದಿನಂತೆ. ಬಂದ ಆರ್ಡರಿನ ಲಾಭ ಫೀಗೆ ಸರಿಹೋಯಿತು. ನಷ್ಟ ಇಲ್ಲ, ಆದರೆ ಪ್ರತಿ ತಿಂಗಳು ಮಾಡುವಷ್ಟು ನನ್ನ ಹತ್ತಿರ ಇಲ್ಲ.

ಇನ್ನು ಕೊಂಡವರ ಮಾತು. ಬ್ಯಾಗ್ ತಲುಪಿ ಮೂರು ವಾರ ಆದ ಮೇಲೆ ಬರೆಯುತ್ತೇನೆ. ಅದಕ್ಕಿಂತ ಮೊದಲು ಕೇಳಿದರೆ ಪ್ಯಾಕಿಂಗ್ ಬಗ್ಗೆ ಹೇಳುತ್ತಾರೆ, ಬ್ಯಾಗಿನ ಬಗ್ಗೆ ಅಲ್ಲ. ‘ಹೇಗಿದೆ?’ ಅಂತಲೂ ಕೇಳುವುದಿಲ್ಲ, ‘ಚೆನ್ನಾಗಿದೆ’ ಅನ್ನುವ ಉತ್ತರ ಯಾರಿಗೂ ಕೆಲಸಕ್ಕೆ ಬರುವುದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ. ಕೊಳ್ಳುವ ಮೊದಲು ಏನು ಅನುಮಾನ ಇತ್ತು? ದಿನಾ ಅದರಲ್ಲಿ ಏನೇನು ಇಡುತ್ತೀರಿ? ಏನು ಹಿಡಿಸಲಿಲ್ಲ?

ಹಾಗೆ ಬಂದ ಒಂದು ಉತ್ತರ ಈಗ ನನ್ನ ಪುಟದಲ್ಲಿ ಎಲ್ಲಕ್ಕಿಂತ ಮೇಲಿದೆ. ‘ಪಟ್ಟಿ ಹೆಗಲಿಗೆ ಒತ್ತಬಹುದು ಅಂತ ಹೆದರಿದ್ದೆ. ಲ್ಯಾಪ್‌ಟಾಪ್, ಚಾರ್ಜರ್, ನೀರಿನ ಬಾಟಲಿ ಹಾಕಿ ದಿನಾ ಒಂದು ಗಂಟೆ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ. ಮೊದಲ ವಾರ ಪಟ್ಟಿ ಬಿಗಿ ಅನ್ನಿಸಿತು, ಈಗ ಬಗ್ಗಿದೆ. ಒಳಗಿನ ಜೇಬಿನ ಜಿಪ್ ಚಿಕ್ಕದು, ನನ್ನ ಫೋನು ಹೋಗುವುದಿಲ್ಲ.’ ಅವರು ಕೊಟ್ಟದ್ದು ಐದಕ್ಕೆ ನಾಲ್ಕು ಸ್ಟಾರ್. ನಾನು ಕೂತು ಬರೆದಿದ್ದರೆ ಆ ಬಸ್ಸು ನನಗೆ ಹೊಳೆಯುತ್ತಿರಲಿಲ್ಲ.

ಜಿಪ್ಪಿನ ದೂರನ್ನು ಅಳಿಸಿ ಅಂತ ಒಬ್ಬ ಸ್ನೇಹಿತರು ಹೇಳಿದರು. ಅಳಿಸಲಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರದವರು ಆನ್‌ಲೈನ್ ರಿವ್ಯೂಗಳನ್ನು ನೋಡಿದಾಗ, ಕೊಳ್ಳುವ ಸಾಧ್ಯತೆ ತುದಿ ಮುಟ್ಟಿದ್ದು 5 ಸ್ಟಾರಿನಲ್ಲಿ ಅಲ್ಲ, ಸಾಮಾನ್ಯವಾಗಿ 4.0ರಿಂದ 4.7ರ ನಡುವೆ. ಪೂರ್ತಿ ಐದು ಕಂಡರೆ ಜನರಿಗೆ ಅನುಮಾನ. ಅವರ ಪ್ರಕಾರ ಐದು ರಿವ್ಯೂ ಇರುವ ವಸ್ತು ಕೊಳ್ಳುವ ಸಾಧ್ಯತೆ, ಒಂದೂ ಇಲ್ಲದ ವಸ್ತುವಿಗಿಂತ ಶೇ 270 ಜಾಸ್ತಿ. ನನ್ನಂಥ ಸಣ್ಣವರಿಗೆ ಇದು ಎಂಥ ಧೈರ್ಯ ನೋಡಿ. ಸಾವಿರ ಬೇಕಿಲ್ಲ, ಮೊದಲ ಐದು ಸಿಕ್ಕರೆ ದೊಡ್ಡ ಭಾಗ ಮುಗಿಯಿತು.

ಆಮೇಲೆ ಮಾಡಿದ ಇನ್ನೊಂದು ಕೆಲಸ, ರಿವ್ಯೂಗಳನ್ನು ತಾರೀಖಿನ ಪ್ರಕಾರ ಬಿಟ್ಟು ಬಳಕೆಯ ಪ್ರಕಾರ ಜೋಡಿಸಿದ್ದು. ಓದುವ ಮಕ್ಕಳದ್ದು ಒಂದು ಕಡೆ, ಆಫೀಸಿಗೆ ಹೋಗುವವರದ್ದು ಒಂದು ಕಡೆ, ಕ್ಯಾಮೆರಾ ಹೊರುವವರದ್ದು ಒಂದು ಕಡೆ. ಇದಕ್ಕೂ ಒಂದು ಪ್ರಯೋಗವೇ ಕಾರಣ. ಅಮೆರಿಕದ ಒಂದು ಹೋಟೆಲಿನಲ್ಲಿ ಟವೆಲನ್ನು ಮತ್ತೆ ಬಳಸಿ ಅಂತ ಚೀಟಿ ಇಟ್ಟು ನಡೆಸಿದ್ದು, 2008ರಲ್ಲಿ ಪ್ರಕಟವಾಯಿತು. ಪರಿಸರ ಉಳಿಸಿ ಅಂದಾಗ ಶೇ 37ರಷ್ಟು ಮಂದಿ ಕೇಳಿದರು. ‘ಇದೇ ರೂಮಿನಲ್ಲಿ ಇದ್ದವರಲ್ಲಿ ಹೆಚ್ಚಿನವರು ಮತ್ತೆ ಬಳಸಿದರು’ ಅಂದಾಗ ಶೇ 49ರಷ್ಟು. ಲೋಕವೆಲ್ಲ ಏನು ಮಾಡಿತು ಅನ್ನುವುದಕ್ಕಿಂತ, ನನ್ನ ಜಾಗದಲ್ಲಿ ಇದ್ದವರು ಏನು ಮಾಡಿದರು ಅನ್ನುವುದು ಜಾಸ್ತಿ ನಾಟುತ್ತದೆ. ಈಗ ಬರುವ ವಿಚಾರಣೆಗಳಲ್ಲಿ ‘ಆ ಬಸ್ಸಿನವರು ಹೇಳಿದ ಬ್ಯಾಗ್ ಇದೇನಾ?’ ಅಂತ ಕೇಳುವವರಿದ್ದಾರೆ.

ಇದಕ್ಕೂ ತೊಂದರೆ ಇದೆ. ಹತ್ತು ಜನಕ್ಕೆ ಬರೆದರೆ ಮೂರು ಜನ ಉತ್ತರಿಸುತ್ತಾರೆ. ಹೆಸರು, ಫೋಟೊ ಹಾಕಬಹುದಾ ಅಂತ ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳುತ್ತೇನೆ, ಬೇಡ ಅಂದವರ ಮಾತನ್ನು ಹೆಸರಿಲ್ಲದೆ ಹಾಕುತ್ತೇನೆ. ಭಾನುವಾರ ಎರಡು ಗಂಟೆ ಇದಕ್ಕೇ ಹೋಗುತ್ತದೆ. ನನಗೆ ಇದು ಒಗ್ಗುತ್ತದೆ, ಯಾಕೆಂದರೆ ಪ್ರತಿ ಬ್ಯಾಗನ್ನೂ ನಾನೇ ಪ್ಯಾಕ್ ಮಾಡುವುದು, ಯಾರಿಗೆ ಯಾವ ಬಣ್ಣ ಹೋಯಿತು ಅಂತ ನೆನಪಿರುತ್ತದೆ. ದಿನಕ್ಕೆ ನೂರು ಆರ್ಡರ್ ಇರುವವರು ರಿವ್ಯೂ ಕೇಳುವ ಮೇಲನ್ನು ತಾನಾಗಿ ಕಳಿಸುವ ಟೂಲ್ ತಗೊಳ್ಳಲಿ. ಪಾಪ್‌ಅಪ್ ಕೂಡ ಅಂಥವರಿಗೆ ನಡೆಯಬಹುದು, ಹೆಸರು ಹಾಕಲು ಮೊದಲೇ ಒಪ್ಪಿಗೆ ಕೇಳಿದರೆ.

ನನ್ನ ಪಾಪ್‌ಅಪ್ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ಆಟೋ ರಿನ್ಯೂವಲ್ ಆಫ್ ಮಾಡಿದ್ದೇನೆ. ಆ ದುಡ್ಡಿಗೆ ಒಳಗಿನ ಜೇಬಿಗೆ ಹಾಕಲು ಉದ್ದದ ಜಿಪ್ ತರಿಸುತ್ತಿದ್ದೇನೆ.